ಚಿಕ್ಕಪ್ಪ ಎಂದರೆ ಅಂಕಲ್ ಅಲ್ಲ

ಸರ್ಕಾರ ಯಾವುದಾದರೂ ಜಿಲ್ಲೆಗೆ ಅನುದಾನ ಕಡಿಮೆ ಕೊಟ್ಟರೆ ಪತ್ರಿಕೆಗಳು ‘ಮಲತಾಯಿ ಧೋರಣೆ’ ಎಂದು ಬರೆಯುತ್ತವೆ. ಧ್ರುವನನ್ನು ಅಪ್ಪನ ತೊಡೆ ಏರಗೊಡದ ಸುರುಚಿಯ ಕಥೆ ಕೇಳಿಯೇ ನಾವೆಲ್ಲ ಬೆಳೆದದ್ದು. ಕುಂತಿ ನಕುಲ ಸಹದೇವರಿಗೆ ಮಲತಾಯಿ, ಆದರೂ ತನ್ನ ಮೂವರಂತೆಯೇ ಸಾಕಿದಳು ಎಂಬುದು ಮಾತ್ರ ಅಷ್ಟು ಬೇಗ ನೆನಪಿಗೆ ಬರುವುದಿಲ್ಲ. ಮಲತಂದೆಯ ಕಥೆಗಳಂತೂ ನಮ್ಮಲ್ಲಿ ಇನ್ನೂ ಅಪರೂಪ. ಹಿಂದೆ ನಮ್ಮ ಕಡೆಯ ಹಲವು ಸಮುದಾಯಗಳಲ್ಲಿ ಗಂಡ ತೀರಿಕೊಂಡ ಹೆಣ್ಣುಮಗಳು ‘ಸೀರೆ ಉಡಿಕೆ’ಯಾಗಿ ಇನ್ನೊಂದು ಮನೆಗೆ ಹೋಗುವುದಿತ್ತು. ಮಕ್ಕಳು ಮಾತ್ರ ಸಾಮಾನ್ಯವಾಗಿ ಮೊದಲ ಗಂಡನ ಮನೆಯಲ್ಲೇ ಉಳಿಯುತ್ತಿದ್ದವು.

ಈಗ ಕಾಲ ಬದಲಾಗಿದೆ. ತಾಯಿಯ ಜೊತೆ ಮಗುವೂ ಹೋಗುತ್ತದೆ. ಆ ಹೊಸ ಮನೆ ಅಮೆರಿಕದಲ್ಲಿದ್ದರೆ ಏನೇನು ಮಾಡಬೇಕು ಎಂಬುದನ್ನು ನಾನು ಎಪ್ಪತ್ತರ ಹತ್ತಿರ ಕಲಿಯಬೇಕಾಯಿತು. ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜ ಅಜ್ಜಿಯರಿಗೂ, ‘ನಾನು ಯಾರ ಮಗ?’ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುವ ಮಕ್ಕಳಿಗೂ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಹಸುವಿನ ಹಿಂದೆ ಕರು ಹೋದಂತಲ್ಲ

ನಾನು ತಿಪಟೂರು ತಾಲ್ಲೂಕಿನವನು. ತುರುವೇಕೆರೆಯ ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದೆ. ಮಗಳನ್ನು ಚಿಕ್ಕನಾಯಕನಹಳ್ಳಿ ತಾಲ್ಲೂಕಿಗೆ ಕೊಟ್ಟಿದ್ದೆವು. ಮೊಮ್ಮಗ 2012ರಲ್ಲಿ ಹುಟ್ಟಿದ. ಅವನಿಗೆ ಐದು ವರ್ಷವಿದ್ದಾಗ ಅಳಿಯ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ತಾಯಿ ಮಗ ನಮ್ಮ ತೋಟದ ಮನೆಗೆ ಬಂದರು. 2021ರ ಡಿಸೆಂಬರ್‌ನಲ್ಲಿ ಮಗಳಿಗೆ ಮರುಮದುವೆಯಾಯಿತು. ಹೊಸ ಅಳಿಯಂದಿರು ನಮ್ಮ ಸೀಮೆಯವರೇ, ಕೆಲಸಕ್ಕೆಂದು ಹೋಗಿ ಅಮೆರಿಕದ ಪೌರತ್ವ ಪಡೆದವರು.

ಅವರು ಹೆಂಡತಿಗಾಗಿ ಹಾಕಿದ ಅರ್ಜಿ 2023ರ ಜನವರಿಯಲ್ಲಿ ಮಂಜೂರಾಯಿತು. ಆ ಪತ್ರದಲ್ಲಿ ಇದ್ದದ್ದು ಮಗಳ ಹೆಸರು ಮಾತ್ರ. ‘ಹಸು ಹೋದ ಮೇಲೆ ಕರು ಹಿಂದೆ ಹೋಗಲ್ವೇ ಮೇಷ್ಟ್ರೇ?’ ಎಂದು ಪಕ್ಕದ ತೋಟದವರು ಕೇಳಿದರು. ಹಾಗೆ ಹೋಗುವುದಿಲ್ಲ. ಅಮೆರಿಕದ ಪೌರರು ಹೆಂಡತಿಗೆ ಹಾಕಿದ ಅರ್ಜಿಯಲ್ಲಿ ಮಗು ತಾನಾಗಿ ಸೇರಿಕೊಳ್ಳುವುದಿಲ್ಲ. ಐ–130 ಎಂಬ ನಮೂನೆಯನ್ನು ಪ್ರತಿ ಮಗುವಿಗೂ ಬೇರೆ ಬೇರೆಯಾಗಿ ತುಂಬಬೇಕು. ಮಗಳು ಮೊದಲು ಹೋಗಿ ನೆಲೆ ನಿಲ್ಲಲಿ, ಅಲ್ಲಿಯವರೆಗೆ ಹುಡುಗ ಇಲ್ಲೇ ಓದಲಿ ಎಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. ಫೆಬ್ರುವರಿಯಲ್ಲಿ ಅಳಿಯಂದಿರು ಹುಡುಗನ ಹೆಸರಿನಲ್ಲಿ ಅರ್ಜಿ ಹಾಕಿದರು. ಜುಲೈನಲ್ಲಿ ಮಗಳು ವಿಮಾನ ಹತ್ತಿದಳು.

ಗ್ರೀನ್ ಕಾರ್ಡ್ ಸಿಕ್ಕ ಮೇಲೆ ತಾಯಿಯೂ ತನ್ನ ಮಗುವಿಗೆ ಅರ್ಜಿ ಹಾಕಬಹುದು. ಆದರೆ ಗ್ರೀನ್ ಕಾರ್ಡ್ ಇರುವವರ ಮಕ್ಕಳಿಗೆ ವರ್ಷಕ್ಕೆ ಇಂತಿಷ್ಟೇ ವೀಸಾ ಎಂಬ ಮಿತಿಯಿದೆ, ಸರದಿಯಲ್ಲಿ ಕಾಯಬೇಕು. ಪೌರರ 21 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೆ ಆ ಮಿತಿಯಿಲ್ಲ. ಆದ್ದರಿಂದ ಹೆತ್ತ ತಾಯಿಗಿಂತ ಮಲತಂದೆಯ ಅರ್ಜಿಯೇ ಹತ್ತಿರದ ದಾರಿಯಾಯಿತು.

ಕಾನೂನು ಕೇಳುವುದು ಒಂದು ದಿನಾಂಕವನ್ನು

‘ರಕ್ತಸಂಬಂಧವಿಲ್ಲ, ದತ್ತು ತೆಗೆದುಕೊಂಡಿಲ್ಲ, ಅವರು ಹೇಗೆ ಅಪ್ಪನಾಗುತ್ತಾರೆ?’ ಎಂದು ನನ್ನ ಹೆಂಡತಿ ಕೇಳಿದಳು. ಅಮೆರಿಕದ 1952ರ ವಲಸೆ ಕಾನೂನು ‘ಮಗು’ ಎಂಬ ಪದಕ್ಕೆ ಅರ್ಥ ಹೇಳುವಾಗ ಮಲಮಗುವನ್ನೂ ಸೇರಿಸಿದೆ. ಷರತ್ತು ಇಷ್ಟೇ: ತಾಯಿ ಅಥವಾ ತಂದೆಯ ಮರುಮದುವೆ ನಡೆದ ದಿನ ಮಗುವಿಗೆ 18 ತುಂಬಿರಬಾರದು. ದತ್ತಕ ಬೇಕಿಲ್ಲ. ಮದುವೆ ನಿಜವಾದದ್ದಾಗಿರಬೇಕು, ವೀಸಾಕ್ಕಾಗಿ ಹೂಡಿದ ಆಟವಾಗಿರಬಾರದು.

ನಮ್ಮ ದೇಶದ ಕಾನೂನು ಬೇರೆ ರೀತಿ ನೋಡುತ್ತದೆ. 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವದ ಕಾಯ್ದೆಯಲ್ಲಿ ಸಹಜ ಪಾಲಕರು ಯಾರು ಎಂದು ಹೇಳುವಾಗ, ತಂದೆ ತಾಯಿ ಎಂಬ ಮಾತಿನಲ್ಲಿ ಮಲತಂದೆ ಮಲತಾಯಿ ಸೇರುವುದಿಲ್ಲ ಎಂದು ಬಿಡಿಸಿ ಬರೆದಿದೆ. ತಂದೆ ಇಲ್ಲದಿದ್ದರೆ ಸಹಜ ಪಾಲಕಿ ತಾಯಿ. ಹಾಗಾಗಿ ಇಲ್ಲಿನ ಕಾಗದಗಳಿಗೆಲ್ಲ ಮಗಳ ಸಹಿ, ಅಲ್ಲಿನ ಅರ್ಜಿಗೆ ಅಳಿಯಂದಿರ ಸಹಿ. ಒಬ್ಬ ಹುಡುಗನನ್ನು ಎರಡು ಕಾನೂನು ಎರಡು ಕಡೆಯಿಂದ ಹಿಡಿದುಕೊಂಡಿದ್ದವು.

ಮಕ್ಕಳೇ, ಇಲ್ಲಿ ನಿಮಗೊಂದು ಲೆಕ್ಕ. ತಾಯಿಯ ಮರುಮದುವೆಯ ದಿನ ಒಬ್ಬ ಹುಡುಗಿಗೆ 17 ವರ್ಷ 11 ತಿಂಗಳು. ಇನ್ನೊಬ್ಬಳಿಗೆ 18 ವರ್ಷ 1 ದಿನ. ಮಲತಂದೆ ಯಾರಿಗೆ ಅರ್ಜಿ ಹಾಕಬಹುದು? ಮೊದಲನೆಯವಳಿಗೆ ಮಾತ್ರ. ಅರ್ಜಿ ಹಾಕಿದ ದಿನ ಅವಳಿಗೆ 20 ಆಗಿದ್ದು, ವೀಸಾ ಬರುವಾಗ 22 ಆದರೆ? ಅರ್ಜಿ ಹಾಕಿದವರು ಪೌರರಾಗಿದ್ದರೆ ತೊಂದರೆಯಿಲ್ಲ, ಅವಳಿಗೆ ಮದುವೆ ಮಾತ್ರ ಆಗಿರಬಾರದು. 2002ರ ಒಂದು ಕಾನೂನು ಅಂಥ ಮಕ್ಕಳ ವಯಸ್ಸನ್ನು ಅರ್ಜಿಯ ದಿನಕ್ಕೇ ನಿಲ್ಲಿಸುತ್ತದೆ.

ಮೂರು ಊರಿನ ಕಾಗದ

ಅರ್ಜಿಗೆ ಮುಖ್ಯವಾಗಿ ಬೇಕಾದದ್ದು ಮೂರು ಕಾಗದ. ತಾಯಿಯ ಹೆಸರಿರುವ ಜನನ ಪ್ರಮಾಣಪತ್ರ, ತಾಯಿ ಮಲತಂದೆಯರ ವಿವಾಹ ನೋಂದಣಿ ಪತ್ರ, ಮೊದಲಿನ ಮದುವೆ ಮುಗಿದದ್ದಕ್ಕೆ ಪುರಾವೆ. ನಮ್ಮ ವಿಷಯದಲ್ಲಿ ಆ ಪುರಾವೆ ಎಂದರೆ ಮರಣ ಪ್ರಮಾಣಪತ್ರ. ಹುಡುಗ ಹುಟ್ಟಿದ್ದು ತಿಪಟೂರಿನ ಆಸ್ಪತ್ರೆಯಲ್ಲಿ, ಅವನ ತಂದೆಯ ಮರಣ ನೋಂದಣಿಯಾದದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಮದುವೆ ನೋಂದಣಿ ತುರುವೇಕೆರೆಯಲ್ಲಿ. ಮೂರು ಊರಿಗೂ ಬಸ್ಸಿನಲ್ಲಿ ಓಡಾಡಿದೆ.

ಜನನ ಪ್ರಮಾಣಪತ್ರ ತೆಗೆದು ನೋಡಿದರೆ ಅದರಲ್ಲಿ ಹುಡುಗನ ಹೆಸರೇ ಇಲ್ಲ! ಲಿಂಗದ ಮುಂದೆ ‘ಗಂಡು’ ಎಂದಿತ್ತು, ಹೆಸರಿನ ಜಾಗ ಖಾಲಿ. ಆಸ್ಪತ್ರೆಯಿಂದ ಬರುವಾಗ ನಾಮಕರಣ ಆಗಿರುವುದಿಲ್ಲವಲ್ಲ, ಎಷ್ಟೋ ಮನೆಗಳಲ್ಲಿ ಹೀಗೇ ಇದೆ. ಹುಟ್ಟಿದ 15 ವರ್ಷದೊಳಗೆ ನೋಂದಣಾಧಿಕಾರಿಗೆ ಅರ್ಜಿ ಕೊಟ್ಟು ಹೆಸರು ಸೇರಿಸಿಸಬಹುದು. ನಾವು ಶಾಲಾ ದಾಖಲೆ ತೋರಿಸಿ ಸೇರಿಸಿಸಿದೆವು.

ಇನ್ನೊಂದು ತೊಡಕು ಹೆಸರಿನ ಮುಂದಿನ ಅಕ್ಷರಗಳದು. ನಮ್ಮಲ್ಲಿ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇದ್ದರೆ ಆಯಿತು, ಮನೆತನದ ಹೆಸರು ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಮನೆತನದ ಹೆಸರಿನ ಜಾಗಕ್ಕೆ ಹೋಗಿ ಕೂರುತ್ತದೆ. ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ‘ಹೆಸರು ಗೊತ್ತಿಲ್ಲ’, ಎಂದು ಅಚ್ಚಾಗುತ್ತದೆ. ‘ನನ್ನ ಹೆಸರು ಗೊತ್ತಿಲ್ಲ ಅಂತ ಶಾಲೆಯಲ್ಲಿ ಹಾಜರಿ ಕೂಗ್ತಾರಾ ತಾತ?’ ಎಂದು ಮೊಮ್ಮಗ ನಕ್ಕ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ, ತೀರಿಕೊಂಡ ಅಪ್ಪನ ಹೆಸರನ್ನೇ ಪೂರ್ತಿಯಾಗಿ ಬರೆಸಿದೆವು.

ಬೀಗರ ಪ್ರಶ್ನೆ

ಕಾನೂನಿನ ಪ್ರಕಾರ ಹುಡುಗನ ಅಪ್ಪನ ಕಡೆಯ ಅಜ್ಜ ಅಜ್ಜಿಯ ಸಹಿ ಬೇಕಿರಲಿಲ್ಲ. ತಂದೆ ತಾಯಿ ಬೇರೆಯಾಗಿದ್ದು ತಂದೆ ಬದುಕಿದ್ದರೆ ಅವರ ಒಪ್ಪಿಗೆಯೋ ನ್ಯಾಯಾಲಯದ ಆದೇಶವೋ ಬೇಕಾಗುತ್ತಿತ್ತು. ಆದರೂ ನಾವು ಹೋಗಿ ಹೇಳಿದೆವು. ಇದ್ದೊಬ್ಬ ಮಗನನ್ನು ಕಳೆದುಕೊಂಡ ಮನೆ ಅದು. ಕಳುಹಿಸುವುದು ಅವರ ಮೊಮ್ಮಗನನ್ನೂ ಹೌದು.

ಬೀಗರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಎರಡೇ ಪ್ರಶ್ನೆ. ‘ಅವನ ಅಪ್ಪನ ಹೆಸರು ಬದಲಾಗ್ತದಾ?’ ಇಲ್ಲ. ಮಲತಂದೆ ಅರ್ಜಿ ಹಾಕಿದ ಮಾತ್ರಕ್ಕೆ ಜನನ ಪ್ರಮಾಣಪತ್ರದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ‘ಅವನಪ್ಪ ನೆಟ್ಟ ತೆಂಗಿನ ತೋಟ?’ ಅದೂ ಹೋಗುವುದಿಲ್ಲ. ದತ್ತು ಕೊಟ್ಟರೆ ಹುಟ್ಟಿದ ಮನೆಯ ಸಂಬಂಧ ಕಾನೂನಿನಲ್ಲಿ ಕಡಿದಂತೆ, ಇದು ದತ್ತು ಅಲ್ಲ. ವಿದೇಶದಲ್ಲಿ ನೆಲೆಸಿದವರು ಇಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ, ಆದರೆ ಹಿರಿಯರಿಂದ ಬಂದದ್ದನ್ನು ಪಡೆಯಬಹುದು. ಇಷ್ಟು ಕೇಳಿದ ಮೇಲೆ ಬೀಗರು ಒಳಗೆ ಹೋಗಿ ಮಗನ ಮರಣ ಪ್ರಮಾಣಪತ್ರದ ಮೂಲ ಪ್ರತಿಯನ್ನು ತಂದು ನನ್ನ ಕೈಯಲ್ಲಿಟ್ಟರು.

ಎರಡು ಅಟ್ಟದ ಕಾಯಿ

ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ನೀರು ಆರಿ, ಒಳಗಿನ ತಿರುಳು ಬಿಟ್ಟು, ಅಲ್ಲಾಡಿಸಿದಾಗ ಸದ್ದು ಬರಲು ಹತ್ತು ಹನ್ನೊಂದು ತಿಂಗಳು ಬೇಕು. ಮೊದಲೇ ಒಡೆದರೆ ಕೆಲಸ ಕೆಟ್ಟಿತು. ಮೊಮ್ಮಗನ ಕಾಗದಕ್ಕೆ ಅಂಥ ಎರಡು ಅಟ್ಟದಷ್ಟು ಕಾಲ ಹಿಡಿಯಿತು. ಅರ್ಜಿ ಮಂಜೂರಾದ ಮೇಲೆ ಶುಲ್ಕ, ಆನ್‌ಲೈನ್ ವೀಸಾ ಅರ್ಜಿ, ಅಳಿಯಂದಿರ ಆದಾಯದ ಮುಚ್ಚಳಿಕೆ. ಆ ದೇಶದ ಬಡತನದ ರೇಖೆಯ ಶೇ 125ರಷ್ಟು ಆದಾಯ ತಮಗಿದೆ, ಈ ಮಗುವನ್ನು ಸಾಕುವ ಹೊಣೆ ತಮ್ಮದು ಎಂದು ಅವರು ಬರೆದುಕೊಡಬೇಕು. ಇದು ಬಾಯಿಮಾತಲ್ಲ, ಕಾನೂನಿನ ಕಟ್ಟು. ಮದುವೆ ಮುರಿದರೂ ಈ ಹೊಣೆ ತಾನಾಗಿ ತಪ್ಪುವುದಿಲ್ಲ.

ಆಮೇಲೆ ವೈದ್ಯಕೀಯ ತಪಾಸಣೆ. ಅಲ್ಲಿ ಲಸಿಕೆಯ ದಾಖಲೆ ಕೇಳುತ್ತಾರೆ. ನನ್ನ ಹೆಂಡತಿ ಟ್ರಂಕಿನಲ್ಲಿ ಸೀರೆಯ ಕೆಳಗೆ ಮಡಚಿಟ್ಟಿದ್ದ ‘ತಾಯಿ ಕಾರ್ಡ್’ ಅಂದು ಕೆಲಸಕ್ಕೆ ಬಂತು. ಆಶಾ ಕಾರ್ಯಕರ್ತೆ ಬರೆದಿದ್ದ ದಿನಾಂಕಗಳೆಲ್ಲ ಅದರಲ್ಲಿದ್ದವು.

ಒಂದು ಪದದ ಪೇಚು

ಭಾರತದವರಿಗೆ ಅಮೆರಿಕದ ಕಾಯಂ ವಾಸದ ವೀಸಾ ಸಂದರ್ಶನ ನಡೆಯುವುದು ಮುಂಬೈನ ಕಾನ್ಸುಲೇಟಿನಲ್ಲಿ, ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿ. 2024ರ ಡಿಸೆಂಬರ್‌ನಲ್ಲಿ ಕರೆ ಬಂತು. ಮಗಳು ಅಲ್ಲಿಂದ ಬಂದಳು.

ಹೊರಡುವ ಮೊದಲು ಹುಡುಗ ಒಂದು ಪ್ರಶ್ನೆ ಕೇಳಿದ. ಮಲತಂದೆಯನ್ನು ಅವನು ಕರೆಯುವುದು ‘ಚಿಕ್ಕಪ್ಪ’ ಎಂದು. ಮಲತಾಯಿಯನ್ನು ಚಿಕ್ಕಮ್ಮ, ಚಿಕ್ಕವ್ವ ಎನ್ನುವ ಹಾಗೆ. ‘ಅಪ್ಪ’ ಎಂಬ ಪದ ಅವನಲ್ಲಿ ಇನ್ನೊಬ್ಬರಿಗೆ ಮೀಸಲು. ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದರೆ ಚಿಕ್ಕಪ್ಪನಿಗೆ ಏನೆನ್ನುವುದು? ಪಠ್ಯದಲ್ಲಿ ಕಲಿತದ್ದು ‘ಅಂಕಲ್’. ಕಡತದಲ್ಲಿ ತಂದೆ ಎಂದಿರುವಾಗ ಹುಡುಗ ಅಂಕಲ್ ಎಂದರೆ ಅನುಮಾನ ಬರುವುದು ಸಹಜ. ‘ಹಾಗಾದರೆ ಡ್ಯಾಡಿ ಅನ್ನಲಾ?’ ಎಂದ, ಮುಖ ಚಿಕ್ಕದು ಮಾಡಿಕೊಂಡು.

ಬೇಡ ಎಂದೆ. ‘ಇದ್ದದ್ದನ್ನು ಇದ್ದ ಹಾಗೆ ಹೇಳು ಮಗ. ಅವರು ನನ್ನ ಮಲತಂದೆ, ಸ್ಟೆಪ್‌ಫಾದರ್. ಮನೆಯಲ್ಲಿ ಚಿಕ್ಕಪ್ಪ ಅಂತ ಕರೀತೀನಿ. ನಮ್ಮ ಭಾಷೆಯಲ್ಲಿ ಚಿಕ್ಕಪ್ಪನೂ ಒಬ್ಬ ಅಪ್ಪನೇ.’ ಆ ಮಾತಿನಲ್ಲಿ ಸುಳ್ಳೇನಿಲ್ಲ. ದೊಡ್ಡಪ್ಪ, ಚಿಕ್ಕಪ್ಪ ಎನ್ನುವಾಗಲೆಲ್ಲ ನಾವು ‘ಅಪ್ಪ’ನನ್ನು ಸೇರಿಸಿಯೇ ಹೇಳುತ್ತೇವೆ. ಅಂಕಲ್ ಎಂಬ ಪದಕ್ಕೆ ಆ ಅರ್ಥ ಬರುವುದಿಲ್ಲ. ಹುಡುಗ ಸಂದರ್ಶನದಲ್ಲಿ ಹಾಗೆಯೇ ಹೇಳಿದನಂತೆ. ಅಧಿಕಾರಿ ಶಾಲೆಯ ಬಗ್ಗೆ ಇನ್ನೆರಡು ಮಾತು ಕೇಳಿ ಕಳುಹಿಸಿದರಂತೆ. ಕೆಲವು ದಿನಗಳಲ್ಲಿ ವೀಸಾ ಅಂಟಿಸಿದ ಪಾಸ್‌ಪೋರ್ಟ್ ಬಂತು.

ಕೊನೆಗೆ ಬಂದವನ ಕಾರ್ಡು ಗಟ್ಟಿ

ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಹೋದವರಿಗೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಗಂಡ ಹೆಂಡತಿ ಸೇರಿ ಇನ್ನೊಂದು ಅರ್ಜಿ ಹಾಕಬೇಕು. ಮಗಳು ಹೋದದ್ದು 2023ರಲ್ಲಿ, ಹಾಗಾಗಿ ಅವಳಿಗೆ ಆ ಕಾರ್ಡ್. ಮೊಮ್ಮಗ ಹೋಗುವಷ್ಟರಲ್ಲಿ ಎರಡು ವರ್ಷ ದಾಟಿತ್ತು, ಅವನಿಗೆ ನೇರವಾಗಿ ಹತ್ತು ವರ್ಷದ ಕಾರ್ಡ್. ‘ಅಮ್ಮನಿಗಿಂತ ನಾನೇ ಪರ್ಮನೆಂಟು’ ಎಂದು ಫೋನಿನಲ್ಲಿ ಹೇಳಿಕೊಂಡ.

ಪೌರತ್ವ ಮಾತ್ರ ಮಲತಂದೆಯಿಂದ ತಾನಾಗಿ ಬರುವುದಿಲ್ಲ, ಹೆತ್ತವರಿಂದ ಬರುತ್ತದೆ. 2000ದ ಕಾನೂನಿನಂತೆ, ಮಗುವಿಗೆ 18 ತುಂಬುವ ಮೊದಲು ತಾಯಿ ಪೌರಳಾದರೆ, ಗ್ರೀನ್ ಕಾರ್ಡ್ ಪಡೆದು ಅವಳ ಜೊತೆಗಿರುವ ಮಗುವೂ ಅಂದೇ ಪೌರ. ದಾರಿ ಮಾಡಿಕೊಟ್ಟವರು ಚಿಕ್ಕಪ್ಪ, ಬಾಗಿಲು ತೆರೆಯಬೇಕಾದವಳು ಅಮ್ಮ.

ಅವನು ಈಗ ಭಾನುವಾರ ಎರಡು ಕರೆ ಮಾಡುತ್ತಾನೆ. ಮೊದಲನೆಯದು ಚಿಕ್ಕನಾಯಕನಹಳ್ಳಿಯ ಅಜ್ಜನಿಗೆ, ತೋಟಕ್ಕೆ ನೀರು ಬಿಟ್ಟಿರಾ ಎಂದು ಕೇಳಲು. ಎರಡನೆಯದು ನಮಗೆ.

ಅಜ್ಜ ಅಜ್ಜಿಯರ ಗಮನಕ್ಕೆ

• ಮಗುವಿನ ಜನನ ಪ್ರಮಾಣಪತ್ರದಲ್ಲಿ ಹೆಸರಿದೆಯೇ, ತಾಯಿಯ ಹೆಸರಿನ ಕಾಗುಣಿತ ಎಲ್ಲ ಕಡೆ ಒಂದೇ ಇದೆಯೇ, ಇಂದೇ ನೋಡಿ.

• ಜನನವೇ ನೋಂದಣಿಯಾಗಿಲ್ಲದೆ ಒಂದು ವರ್ಷ ದಾಟಿದ್ದರೆ ದಂಡಾಧಿಕಾರಿಯ ಆದೇಶ ಬೇಕು. ಮುಂಚಿತವಾಗಿ ಓಡಾಡಿ.

• ಮರುಮದುವೆಯನ್ನು ನೋಂದಾಯಿಸಿ. ದಿನಾಂಕವೇ ಎಲ್ಲಕ್ಕೂ ಆಧಾರ.

• ಕನ್ನಡದಲ್ಲಷ್ಟೇ ಇರುವ ಕಾಗದಕ್ಕೆ ಇಂಗ್ಲಿಷ್ ಅನುವಾದ, ಅನುವಾದಕರ ದೃಢೀಕರಣ ಇರಲಿ.

• ತಾಯಿ ಕಾರ್ಡ್, ಲಸಿಕೆ ಚೀಟಿ ಎಸೆಯಬೇಡಿ.

• ಹೋಗುವ ದೇಶ ಕೆನಡಾ ಆದರೆ, ಈಗ ಜೊತೆಗೆ ಬರದ ಮಕ್ಕಳ ಹೆಸರನ್ನೂ ಮೊದಲ ಅರ್ಜಿಯಲ್ಲೇ ಬರೆಯಬೇಕು. ಬಿಟ್ಟರೆ ಮುಂದೆ ಕರೆಸಿಕೊಳ್ಳುವುದು ಕಷ್ಟ.

• ಶುಲ್ಕ, ನಮೂನೆ ಆಗಾಗ ಬದಲಾಗುತ್ತವೆ. ಆಯಾ ಸರ್ಕಾರದ ಅಧಿಕೃತ ಜಾಲತಾಣವನ್ನೇ ನೋಡಿ. ‘ನಾನು ಮಾಡಿಸಿಕೊಡ್ತೀನಿ’ ಎನ್ನುವ ಮಧ್ಯವರ್ತಿಗಳ ಕೈಗೆ ಮೂಲ ಪ್ರತಿ ಕೊಡಬೇಡಿ.