ಫ್ಲೈವೀಲ್ ಅಡಿಯ ಅರ್ಧ ಮಿಲಿಮೀಟರ್

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಮೀನುಗಾರಿಕೆಗೆ ಕಡಲಿಗಿಳಿಯುವಂತಿಲ್ಲ. 10 ಅಶ್ವಶಕ್ತಿವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಮಳೆಗಾಲಕ್ಕೆ ಮುಂಚೆ ಗಂಗೊಳ್ಳಿ, ಉಪ್ಪುಂದ, ಮಲ್ಪೆಯ ಕಡೆ ಸಣ್ಣ ಔಟ್‌ಬೋರ್ಡ್ ಎಂಜಿನ್‌ಗಳಿಗೆ ಬೇಡಿಕೆ ಬರುವುದು ಇದರಿಂದಲೇ. ಮೂಲೆ ಸೇರಿದ್ದ ಹಳೆಯ ಎಂಜಿನ್ ಹೊರಬಂದರೆ ಅದರ ಕುರಿತ ಹಳೆಯ ನಂಬಿಕೆಗಳೂ ಹೊರಬರುತ್ತವೆ. ಅವುಗಳಲ್ಲಿ ಹಲವನ್ನು ನಾವೂ ಬಹುಕಾಲ ನಂಬಿಕೊಂಡೇ ಹಗ್ಗ ಎಳೆದವರು. ಇಲ್ಲಿ ಹೇಳುತ್ತಿರುವುದು ಸಿ.ಡಿ.ಐ. ಎಂಬ ಎಲೆಕ್ಟ್ರಾನಿಕ್ ಇಗ್ನಿಷನ್ ಬರುವುದಕ್ಕೆ ಮುಂಚಿನ, ಫ್ಲೈವೀಲ್ ಅಡಿಯಲ್ಲಿ ಪಾಯಿಂಟ್ ಮತ್ತು ಕಂಡೆನ್ಸರ್ ಇರುವ ಟೂ-ಸ್ಟ್ರೋಕ್ ಎಂಜಿನ್‌ಗಳ ಮಾತು.

ತಪ್ಪು ಕಲ್ಪನೆ: ಪಾಯಿಂಟಿನ ಗ್ಯಾಪ್ ಬೇರೆ, ಟೈಮಿಂಗ್ ಬೇರೆ. ಗ್ಯಾಪನ್ನು ಕಣ್ಣಂದಾಜಿನಲ್ಲಿ ಇಟ್ಟರೂ ನಡೆಯುತ್ತದೆ, ಟೈಮಿಂಗನ್ನು ಆಮೇಲೆ ನೋಡಿಕೊಳ್ಳಬಹುದು.

ವಾಸ್ತವ: ಪಾಯಿಂಟ್ ತೆರೆದುಕೊಳ್ಳುವ ಕ್ಷಣವೇ ಕಿಡಿ ಹಾರುವ ಕ್ಷಣ. ಪಾಯಿಂಟ್ ಮುಚ್ಚಿರುವಷ್ಟು ಹೊತ್ತು ಕಾಯಿಲಿನ ಪ್ರೈಮರಿ ಸುರುಳಿಯಲ್ಲಿ ಕರೆಂಟ್ ಹರಿಯುತ್ತಿರುತ್ತದೆ. ತೆರೆದೊಡನೆ ಅದು ಕಡಿದುಹೋಗಿ, ಸೆಕೆಂಡರಿ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್‌ಗೆ ಹೋಗುತ್ತದೆ. ಗ್ಯಾಪ್ ಹೆಚ್ಚಿಸಿದರೆ ಕ್ಯಾಮ್ ಪಾಯಿಂಟನ್ನು ಬೇಗ ಎತ್ತುತ್ತದೆ, ಕಿಡಿಯೂ ಬೇಗ. ಕಡಿಮೆ ಮಾಡಿದರೆ ಕಿಡಿ ತಡ. ಗ್ಯಾಪ್ ಮುಟ್ಟಿದಿರಿ ಎಂದರೆ ಟೈಮಿಂಗನ್ನೂ ಮುಟ್ಟಿದಿರಿ.

ಅಮೆರಿಕದ ಹಳೆಯ ಜಾನ್ಸನ್, ಎವಿನ್‌ರೂಡ್ ಎಂಜಿನ್‌ಗಳ ಮ್ಯಾಗ್ನೆಟೋದಲ್ಲಿ ಈ ಗ್ಯಾಪ್ 0.020 ಇಂಚು, ಅಂದರೆ ಅರ್ಧ ಮಿಲಿಮೀಟರ್. ಜಪಾನಿನ ಸಣ್ಣ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಇನ್ನೂ ಕಡಿಮೆ, 0.3ರಿಂದ 0.4 ಮಿ.ಮೀ. ನಿಮ್ಮ ಎಂಜಿನ್ನಿನದು ಎಷ್ಟೆಂದು ಅದರ ಮ್ಯಾನ್ಯುಯಲ್ ಹೇಳಬೇಕೇ ಹೊರತು ಪಕ್ಕದ ದೋಣಿಯವರಲ್ಲ. ಪಾಯಿಂಟಿನ ತೋಳಿನಲ್ಲಿ ಕ್ಯಾಮ್‌ಗೆ ತಾಗಿಕೊಂಡು ಉಜ್ಜುವ ಒಂದು ಫೈಬರ್ ತುಂಡು ಇರುತ್ತದೆ. ಅದು ಸವೆದಂತೆ ಗ್ಯಾಪ್ ಕಿರಿದಾಗುತ್ತದೆ, ಟೈಮಿಂಗ್ ತಡವಾಗುತ್ತಾ ಹೋಗುತ್ತದೆ. ಎಂಜಿನ್ನಿಗೆ ವಯಸ್ಸಾಯಿತು, ಎಳೆತ ಕಡಿಮೆಯಾಯಿತು ಎಂದು ನಾವು ನಿಟ್ಟುಸಿರು ಬಿಡುವಾಗ ಎಷ್ಟೋ ಸಲ ಸವೆದಿರುವುದು ಆ ಫೈಬರ್ ತುಂಡು ಮಾತ್ರ.

ಇನ್ನು ಎರಡು ಸಿಲಿಂಡರ್ ಇದ್ದರೆ ಸಾಮಾನ್ಯವಾಗಿ ಪಾಯಿಂಟೂ ಎರಡು ಜೊತೆ. ಒಂದನ್ನು ಸರಿಮಾಡಿ ಇನ್ನೊಂದನ್ನು ಹಾಗೇ ಬಿಟ್ಟರೆ ಎರಡು ಸಿಲಿಂಡರ್‌ಗಳ ಕಿಡಿಗೆ ತಾಳ ತಪ್ಪುತ್ತದೆ. ನಿಧಾನಗತಿಯಲ್ಲಿ ಎಂಜಿನ್ ಅದುರತೊಡಗಿದಾಗ ಬೈಸಿಕೊಳ್ಳುವುದು ಮಾತ್ರ ಕಾರ್ಬ್ಯುರೇಟರ್.

ತಪ್ಪು ಕಲ್ಪನೆ: ಪಾಯಿಂಟನ್ನು ಆಗಾಗ ಉಪ್ಪುಕಾಗದದಿಂದ ತಿಕ್ಕಿ ಫಳಫಳ ಮಾಡುತ್ತಿರಬೇಕು.

ವಾಸ್ತವ: ಉಪ್ಪುಕಾಗದದ ಹರಳು ಪಾಯಿಂಟಿನ ಲೋಹದೊಳಗೆ ಕಚ್ಚಿಕೊಳ್ಳುತ್ತದೆ. ಅದರ ಮೂಲಕ ಕರೆಂಟ್ ಹರಿಯುವುದಿಲ್ಲ. ಸಣ್ಣ ಪಾಯಿಂಟ್ ಫೈಲಿನಿಂದ ಎರಡೇ ಎರಡು ಸಲ ಎಳೆದು, ಸ್ವಲ್ಪ ಪೆಟ್ರೋಲ್ ಹಚ್ಚಿದ ಗಟ್ಟಿ ಕಾಗದದ ಚೂರನ್ನು ನಡುವೆ ತೂರಿಸಿ ಒರೆಸಿದರೆ ಸಾಕು. ಪಾಯಿಂಟ್ ಪದೇಪದೇ ಸುಟ್ಟು ಗುಳಿ ಬೀಳುತ್ತಿದ್ದರೆ ಅನುಮಾನಿಸಬೇಕಾದದ್ದು ಕಂಡೆನ್ಸರನ್ನು. ತಿಕ್ಕಿದರೆ ಕಂಡೆನ್ಸರ್ ಸರಿಹೋಗುವುದಿಲ್ಲ.

ತಪ್ಪು ಕಲ್ಪನೆ: ಪ್ಲಗ್ ಬಿಚ್ಚಿ ಸಿಲಿಂಡರ್ ಹೆಡ್‌ಗೆ ತಾಗಿಸಿ ಹಗ್ಗ ಎಳೆದಾಗ ಕಿಡಿ ಕಂಡರೆ ಇಗ್ನಿಷನ್ ಸರಿಯಿದೆ. ದೋಷ ಎಣ್ಣೆಯದೇ.

ವಾಸ್ತವ: ಹೊರಗಿನ ಗಾಳಿಯಲ್ಲಿ ಕಿಡಿ ಹಾರುವುದು ಸುಲಭ. ಸಿಲಿಂಡರಿನೊಳಗೆ ಅದುಮಿದ ಮಿಶ್ರಣದ ನಡುವೆ ಹಾರಲು ಅದಕ್ಕಿಂತ ಹೆಚ್ಚು ವೋಲ್ಟೇಜ್ ಬೇಕು. ಸೋತ ಕಾಯಿಲ್ ಹೊರಗೆ ಕಿಡಿ ತೋರಿಸಿ ಒಳಗೆ ಕೈಕೊಡುತ್ತದೆ. ಅದಕ್ಕೇ ಹೆಚ್ಚು ಅಂತರವಿರುವ ಸ್ಪಾರ್ಕ್ ಟೆಸ್ಟರ್ ಬಳಸಬೇಕು. ಸುಮಾರು ಕಾಲು ಇಂಚು ಅಂತರವನ್ನು ನೀಲಿ ಕಿಡಿ ಚಟ್ಟನೆ ದಾಟಿದರೆ ನಂಬಬಹುದು. ಸಣಕಲು ಹಳದಿ ಕಿಡಿಯನ್ನು ನಂಬಿ ಕಡಲಿಗಿಳಿಯಬಾರದು. ಇನ್ನೊಂದು ವಿಷಯ: ಕಿಡಿ ಬರುತ್ತಿದೆ ಎಂಬುದು ಸರಿಯಾದ ಹೊತ್ತಿಗೆ ಬರುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ತಪ್ಪು ಕಲ್ಪನೆ: ಎಂಜಿನ್ ಪ್ರತಿಸಲ ಅಳಿವೆ ಬಾಗಿಲಲ್ಲೇ ನಿಲ್ಲುತ್ತದೆ. ಅಂದಮೇಲೆ ಅದು ದೃಷ್ಟಿ, ಇಲ್ಲವೇ ಆ ಜಾಗದ ದೋಷ. ತೆಂಗಿನಕಾಯಿ ಒಡೆದು ಕೈಮುಗಿದ ಮೇಲೆ ಮತ್ತೆ ಚಾಲೂ ಆಯಿತಲ್ಲ, ಇನ್ನೇನು ಬೇಕು?

ವಾಸ್ತವ: ಇದನ್ನು ನಕ್ಕು ತಳ್ಳಿಹಾಕಬಾರದು. ಹೇಳುವವರು ಸುಳ್ಳು ಹೇಳುತ್ತಿಲ್ಲ. ಎಂಜಿನ್ ಅಲ್ಲೇ ನಿಲ್ಲುವುದೂ ನಿಜ, ಸ್ವಲ್ಪ ಹೊತ್ತಿನ ನಂತರ ಏಳುವುದೂ ನಿಜ. ಆದರೆ ದಿನವೂ ಒಂದೇ ದಕ್ಕೆಯಿಂದ ಹೊರಟು ಒಂದೇ ವೇಗದಲ್ಲಿ ಹೋಗುವ ದೋಣಿ, ಎಂಜಿನ್ ಪೂರ್ತಿ ಬಿಸಿಯಾಗುವ ಹೊತ್ತಿಗೆ ದಿನವೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿರುತ್ತದೆ. ಹಳೆಯ ಕಾಯಿಲಿನ ಇನ್ಸುಲೇಷನ್ ಬಿರುಕು ಬಿಟ್ಟಿದ್ದರೆ, ಒಳಗಿನ ತಂತಿ ಎಲ್ಲೋ ಕಡಿದಿದ್ದರೆ, ತಣ್ಣಗಿರುವಾಗ ಅದು ಕೆಲಸ ಮಾಡುತ್ತದೆ, ಬಿಸಿಯೇರಿದಾಗ ಬಿಟ್ಟುಕೊಡುತ್ತದೆ. ಕಂಡೆನ್ಸರಿನದೂ ಇದೇ ಸ್ವಭಾವ. ಕಾಯಿ ಒಡೆದು ಪ್ರಾರ್ಥಿಸಿ ಮತ್ತೆ ಹಗ್ಗಕ್ಕೆ ಕೈಹಾಕುವಷ್ಟರಲ್ಲಿ ಕಾಯಿಲ್ ತಣಿದಿರುತ್ತದೆ. ಕಾಯಿ ಒಡೆಯಬೇಡಿ ಎಂದು ನಾವು ಹೇಳುವುದಿಲ್ಲ. ಆದರೆ ನಿಂತ ತಕ್ಷಣ, ತಣಿಯುವ ಮೊದಲೇ, ಸ್ಪಾರ್ಕ್ ಟೆಸ್ಟರ್ ಹಾಕಿ ಒಮ್ಮೆ ಹಗ್ಗ ಎಳೆದು ನೋಡಿ. ಬಿಸಿಯಲ್ಲಿ ಕಿಡಿ ಇಲ್ಲದೆ, ತಣಿದ ಮೇಲೆ ಬಂದರೆ ಕಳ್ಳ ಸಿಕ್ಕಿದಂತೆಯೇ. ದಡದಲ್ಲಿ ತಣ್ಣಗಿನ ಎಂಜಿನ್ನನ್ನು ಎಷ್ಟು ಪರೀಕ್ಷಿಸಿದರೂ ಈ ದೋಷ ಕಾಣಿಸದು.

ಬಿಸಿಯಲ್ಲೂ ಕಿಡಿ ಗಟ್ಟಿಯಾಗಿದ್ದರೆ ಟ್ಯಾಂಕಿನ ಮುಚ್ಚಳ ನೋಡಿ. ಅದರ ಗಾಳಿತೂತಿನ ತಿರುಪು ಬಿಗಿದೇ ಇದ್ದರೆ ಎಣ್ಣೆ ಇಳಿದಂತೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ, ಕೆಲವು ನಿಮಿಷಗಳ ನಂತರ ಎಣ್ಣೆ ಬರುವುದೇ ನಿಲ್ಲುತ್ತದೆ. ಅಳಿವೆಯ ಅಲೆಗೆ ಟ್ಯಾಂಕಿನ ತಳದ ನೀರು, ಕಸ ಕದಡಿ ಮೇಲೇಳುವುದೂ ಉಂಟು. ಜಾಗದ ದೋಷ ಎನ್ನುವುದಾದರೆ ಈ ಮೂರರಲ್ಲಿ ಆ ಹೆಸರಿಗೆ ತಕ್ಕದ್ದು ಇದೊಂದೇ.

ತಪ್ಪು ಕಲ್ಪನೆ: ಫ್ಲೈವೀಲ್ ಏಳದಿದ್ದರೆ ಸುತ್ತಿಗೆಯ ಏಟೇ ಮದ್ದು. ತಿರುಗಿ ಕೂರಿಸುವಾಗ ಗ್ರೀಸ್ ಹಚ್ಚಿದರೆ ಮುಂದಿನ ಸಲ ಸುಲಭ.

ವಾಸ್ತವ: ಏಟು ಬೀಳುವುದು ಕ್ರ್ಯಾಂಕಿನ ತುದಿಯ ಮರೆಗೆ, ಅಲ್ಲಿಂದ ಬೇರಿಂಗಿಗೆ. ಅಂಚಿಗೆ ಹಲ್ಲಿನ ಪುಲ್ಲರ್ ಹಾಕಿ ಎಳೆದರೂ ಫ್ಲೈವೀಲ್ ಸೊಟ್ಟಗಾಗುತ್ತದೆ. ನಡುವಿನ ಹಬ್‌ನಲ್ಲಿ ಪುಲ್ಲರಿನ ಬೋಲ್ಟ್‌ಗೆಂದೇ ಮರೆ ಹಾಕಿದ ತೂತುಗಳಿದ್ದರೆ ಎಳೆಯಬೇಕಾದದ್ದು ಅಲ್ಲಿಂದ.

ಗ್ರೀಸಿನ ಸಲಹೆ ಇನ್ನೂ ಅಪಾಯಕಾರಿ. ಫ್ಲೈವೀಲನ್ನು ಹಿಡಿದಿಡುವುದು ಕ್ರ್ಯಾಂಕಿನ ಇಳಿಜಾರು ತುದಿಯ ಒಣ ಹಿಡಿತ. ಅಲ್ಲಿರುವ ಪುಟ್ಟ ಅರ್ಧಚಂದ್ರದ ಕೀ ಜಾಗ ತೋರಿಸಲು ಮಾತ್ರ. ಗ್ರೀಸ್ ಹಚ್ಚಿದರೆ, ನಟ್ ಸಡಿಲಬಿಟ್ಟರೆ, ಫ್ಲೈವೀಲ್ ಜಾರಿ ಕೀ ಕತ್ತರಿಸುತ್ತದೆ. ಪೂರ್ತಿ ತುಂಡಾದರೆ ಗೊತ್ತಾಗುತ್ತದೆ. ಕಾಲುಭಾಗ ಕತ್ತರಿಸಿದ ಕೀ ಮಾತ್ರ ಮೋಸಗಾರ: ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದರೆ ಬದಿಯಲ್ಲಿ ಉಗುರಿಗೆ ತಾಕುವಷ್ಟು ಒಂದು ಮೆಟ್ಟಿಲು ಕಾಣುತ್ತದೆ, ಅಷ್ಟೇ. ಕ್ಯಾಮ್ ಫ್ಲೈವೀಲಿನ ಹಬ್‌ನಲ್ಲೇ ಇರುವ ಎಂಜಿನ್ನಿನಲ್ಲಿ ಅಷ್ಟರಿಂದಲೇ ಟೈಮಿಂಗ್ ಹಲವು ಡಿಗ್ರಿ ಸರಿದಿರುತ್ತದೆ. ಟೈಮಿಂಗ್ ನಿಲ್ಲುತ್ತಲೇ ಇಲ್ಲ ಎಂದು ಪಾಯಿಂಟನ್ನು ಹತ್ತು ಸಲ ತಿರುಗಿಸುವ ಮೊದಲು ಒಮ್ಮೆ ಕೀ ನೋಡಬೇಕು.

ತಪ್ಪು ಕಲ್ಪನೆ: ಟೈಮಿಂಗ್ ಸ್ವಲ್ಪ ಮುಂದಿಟ್ಟರೆ ವೇಗ ಹೆಚ್ಚುತ್ತದೆ. ಕಿವಿಗೊಟ್ಟು ಕೇಳುತ್ತಾ ಹೊಂದಿಸುವುದೇ ನಿಜವಾದ ವಿದ್ಯೆ.

ವಾಸ್ತವ: ಹೊತ್ತಿಕೊಂಡ ಮಿಶ್ರಣ ಉರಿದು ಹಿಗ್ಗಲು ಕಾಲ ಬೇಕು. ಆದ್ದರಿಂದ ಪಿಸ್ಟನ್ ತುದಿ ತಲುಪುವ ಸ್ವಲ್ಪ ಮುಂಚೆಯೇ ಕಿಡಿ ಹಾರಬೇಕು. ಎಷ್ಟು ಮುಂಚೆ ಎಂಬುದಕ್ಕೆ ಮಿತಿಯಿದೆ. ಅದನ್ನು ದಾಟಿದರೆ ಮೇಲೇರುತ್ತಿರುವ ಪಿಸ್ಟನ್ನನ್ನು ಉರಿಯೇ ಕೆಳಕ್ಕೆ ಒತ್ತುತ್ತದೆ. ಹಗ್ಗ ಕೈಯನ್ನು ಹಿಂದಕ್ಕೆ ಜಗ್ಗುತ್ತದೆ, ಎಂಜಿನ್ ಟಕಟಕ ಬಡಿಯುತ್ತದೆ, ಕೊನೆಗೆ ಪಿಸ್ಟನ್ ತಲೆ ತೂತಾಗುತ್ತದೆ. ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್‌ಗೆ ಇದು ಇನ್ನೂ ಕಂಟಕ. ಸೀಮೆಎಣ್ಣೆಯ ಆಕ್ಟೇನ್ ಪೆಟ್ರೋಲಿಗಿಂತ ಬಹಳ ಕಡಿಮೆ, ಬಡಿತ ಬೇಗ ಶುರುವಾಗುತ್ತದೆ. ಸೀಮೆಎಣ್ಣೆಗೆಂದೇ ಮಾಡಿದ ಎಂಜಿನ್‌ಗಳ ಕಂಪ್ರೆಷನ್ ಕಡಿಮೆ ಇಟ್ಟಿರುವುದು ಅದಕ್ಕೇ. ಪೆಟ್ರೋಲ್ ಎಂಜಿನ್ನಿನ ಟೈಮಿಂಗ್ ಅಂಕಿಯನ್ನು ಇದಕ್ಕೆ ಕೂರಿಸಬಾರದು.

ಕಿವಿಯನ್ನು ನಾವು ಹೀಗಳೆಯುವುದಿಲ್ಲ. ಬಡಿತವನ್ನು ಮೊದಲು ಹಿಡಿಯುವುದು ಅನುಭವಿ ಮೇಸ್ತ್ರಿಯ ಕಿವಿಯೇ. ಆದರೆ ನಿಮಿಷಕ್ಕೆ 5,000 ಸುತ್ತಿನಲ್ಲಿ ಒಂದು ಸಿಲಿಂಡರಿನಲ್ಲಿ ಸೆಕೆಂಡಿಗೆ 83 ಸಲ ಕಿಡಿ ಹಾರುತ್ತದೆ. ಅಲ್ಲಿ ಎರಡು ಡಿಗ್ರಿಯ ವ್ಯತ್ಯಾಸ ಯಾವ ಕಿವಿಗೂ ಸಿಗದು. ಅಳೆಯುವುದು ಕಷ್ಟವೂ ಅಲ್ಲ. ಪ್ಲಗ್ ತೆಗೆದು ಆ ತೂತಿನಲ್ಲಿ ಡಯಲ್ ಗೇಜ್ ಇಟ್ಟು ಪಿಸ್ಟನ್ನಿನ ತುದಿಸ್ಥಾನ ಹುಡುಕಿ. ಪಾಯಿಂಟಿಗೆ ಬರುವ ಕಾಯಿಲ್ ವಯರನ್ನು ಬಿಚ್ಚಿ. ಹಾಗೇ ಬಿಟ್ಟರೆ ಕಾಯಿಲಿನ ಮೂಲಕವೇ ದಾರಿ ಸಿಕ್ಕಿ ಮೀಟರ್ ಸುಳ್ಳು ಹೇಳುತ್ತದೆ. ಮಲ್ಟಿಮೀಟರಿನ ಒಂದು ತುದಿ ಪಾಯಿಂಟಿಗೆ, ಇನ್ನೊಂದು ಬಾಡಿಗೆ. ಎಂಜಿನ್ ತಿರುಗುವ ದಿಕ್ಕಿನಲ್ಲೇ ಫ್ಲೈವೀಲನ್ನು ಮೆಲ್ಲಗೆ ತಿರುಗಿಸುತ್ತಾ ಬನ್ನಿ. ಬೀಪ್ ನಿಂತ ಕ್ಷಣಕ್ಕೆ ಡಯಲ್ ತೋರಿಸುವ ಮಿಲಿಮೀಟರ್ ಮ್ಯಾನ್ಯುಯಲ್ಲಿನದಕ್ಕೆ ಹೊಂದಬೇಕು.

ಬಹಳಷ್ಟು ಹಳೆಯ ಎಂಜಿನ್‌ಗಳಲ್ಲಿ ಆಕ್ಸಿಲರೇಟರ್ ತಿರುಗಿಸಿದಾಗ ಪಾಯಿಂಟ್ ಕೂತ ತಟ್ಟೆಯೇ ತಿರುಗಿ ಟೈಮಿಂಗನ್ನು ಮುಂದೆ ಒಯ್ಯುತ್ತದೆ, ಜೊತೆಗೇ ಕಾರ್ಬ್ಯುರೇಟರ್ ತೆರೆಯುತ್ತದೆ. ಆದ್ದರಿಂದ ತಟ್ಟೆ ಯಾವ ಸ್ಥಾನದಲ್ಲಿರುವಾಗ ಅಳೆಯಬೇಕು ಎಂಬುದನ್ನೂ ಮ್ಯಾನ್ಯುಯಲ್ಲಿನಲ್ಲೇ ನೋಡಬೇಕು. ತಟ್ಟೆ, ಕಾರ್ಬ್ಯುರೇಟರ್ ಎರಡರ ಜೋಡಿ ತಪ್ಪಿದರೆ ಎಂಜಿನ್ ಮುಗ್ಗರಿಸುತ್ತದೆ. ಅದಕ್ಕೆ ಪಾಯಿಂಟ್ ತಿರುಗಿಸುವುದು ಮದ್ದಲ್ಲ, ಅವೆರಡನ್ನು ಜೋಡಿಸುವ ಲಿಂಕ್ ಹೊಂದಿಸಬೇಕು.

ತಪ್ಪು ಕಲ್ಪನೆ: ಕೆಲಸ ಮುಗಿದ ಮೇಲೆ ದಡದಲ್ಲೇ ಒಂದೆರಡು ನಿಮಿಷ ಓಡಿಸಿ ನೋಡಿದರೆ ಏನೂ ಆಗದು.

ವಾಸ್ತವ: ನೀರೆತ್ತುವ ಪಂಪಿನ ಇಂಪೆಲ್ಲರ್ ರಬ್ಬರಿನದು, ಅದಕ್ಕೆ ನೀರೇ ಎಣ್ಣೆ. ಒಣಗಿ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಅದರ ರೆಕ್ಕೆ ಸುಟ್ಟು ಹರಿಯುತ್ತದೆ. ಹಾಗಾದ ಎಂಜಿನ್ ಕಡಲಲ್ಲಿ ಬಿಸಿಯೇರಿ ಸೋತಾಗ, ಹೊಸದಾಗಿ ಇಟ್ಟ ಟೈಮಿಂಗನ್ನೇ ಎಲ್ಲರೂ ದೂರುತ್ತಾರೆ. ದೊಡ್ಡ ಡ್ರಮ್ಮಿನಲ್ಲಿ ಪಂಪ್ ಮುಳುಗುವಷ್ಟು ಸಿಹಿನೀರು ತುಂಬಿ ಓಡಿಸಿದರೆ ಪರೀಕ್ಷೆಯೂ ಆಗುತ್ತದೆ, ಒಳಗೆ ಕೂತ ಉಪ್ಪೂ ತೊಳೆದುಹೋಗುತ್ತದೆ.