ಬಣ್ಣದ ಹಿಂದಿನ ತುಕ್ಕು: ಅಜ್ಜನ ಅಂಬಾಸಿಡರ್ ಕಲಿಸಿದ ಪಾಠ

ಬೋಧನಾಭ್ಯಾಸಕ್ಕಾಗಿ ಕುಂದಾಪುರದ ಪ್ರೌಢಶಾಲೆಯೊಂದರಲ್ಲಿದ್ದಾಗ ನಾನು ಹತ್ತನೇ ತರಗತಿಗೆ ಲೋಹಗಳ ನಶಿಸುವಿಕೆಯ ಪಾಠ ಮಾಡಿದೆ. ಮೂರು ಪ್ರನಾಳಗಳಲ್ಲಿ ಕಬ್ಬಿಣದ ಮೊಳೆ ಇಡುವ ಪಠ್ಯದ ಚಟುವಟಿಕೆ ಚೆನ್ನಾಗಿಯೇ ಆಯಿತು. ನೀರು, ಗಾಳಿ ಎರಡೂ ಇದ್ದ ಪ್ರನಾಳದಲ್ಲಿ ಮಾತ್ರ ತುಕ್ಕು. “ಬಣ್ಣ ಬಳಿದು ಎರಡನ್ನೂ ತಡೆದರೆ ತುಕ್ಕಿಲ್ಲ” ಎಂದು ಹಲಗೆಯ ಮೇಲೆ ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗ ಕೇಳಿದ: “ಟೀಚರ್, ನಮ್ಮ ರಿಕ್ಷಾಕ್ಕೆ ಬಣ್ಣ ಇತ್ತ್. ಆದ್ರೂ ಒಳ್ಗಿಂದ ತುಕ್ಕ್ ಹ್ಯಾಂಗ್ ಬತ್ತ್?” ನನ್ನಲ್ಲಿ ಉತ್ತರವಿರಲಿಲ್ಲ. “ಸೋಮವಾರ ಹೇಳುತ್ತೇನೆ” ಎಂದೆ.

ಆ ಭಾನುವಾರ ಮಾವ ಬೈಂದೂರಿನಿಂದ ಅಜ್ಜನ ಅಂಬಾಸಿಡರ್ ಕಾರನ್ನು ಬ್ರಹ್ಮಾವರದ ಟಿಂಕರಿಂಗ್ ಶೆಡ್ಡಿಗೆ ಒಯ್ಯುತ್ತಿದ್ದರು. ನಾನೂ ಕುಂದಾಪುರದಲ್ಲಿ ಹತ್ತಿಕೊಂಡೆ. ಎರಡು ವರ್ಷದ ಹಿಂದೆಯಷ್ಟೇ ಬೇರೆ ಕಡೆ ಹೊಸ ಬಣ್ಣ ಹೊಡೆಸಿದ್ದ ಕಾರು. ಬಾಗಿಲಿನ ಕೆಳಗೆ ಬಣ್ಣ ಸಣ್ಣ ಗುಳ್ಳೆಯಾಗಿ ಎದ್ದಿತ್ತು, ಅಷ್ಟೆ. ಟಿಂಕರಿಂಗ್ ಮಾಡುವವರು ಅಲ್ಲಿ ಅಯಸ್ಕಾಂತ ಹಿಡಿದರು, ಅಂಟಲಿಲ್ಲ. ತಗಡು ಇರಬೇಕಾದಲ್ಲಿ ಪುಟ್ಟಿ ಇತ್ತು. ಸ್ಕ್ರೂಡ್ರೈವರ್ ಒತ್ತಿದರೆ ತುದಿ ಒಳಗೇ ಹೋಯಿತು. ಅಂಬಾಸಿಡರ್‌ಗೆ ಲಾರಿಯಂತೆ ಬೇರೆ ಚಾಸಿ ಇಲ್ಲ. ತಗಡಿನ ದೇಹವೇ ಭಾರ ಹೊರುತ್ತದೆ. ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಭಾಗ ಅದರ ಬೆನ್ನೆಲುಬು. ಆದ್ದರಿಂದ ಇದು ಅಂದದ ಪ್ರಶ್ನೆಯಲ್ಲ, ಕಾರಿನಲ್ಲಿ ಕೂತವರ ಸುರಕ್ಷತೆಯ ಪ್ರಶ್ನೆ. 2014ರಲ್ಲಿ ತಯಾರಿಕೆ ನಿಂತ ಕಾರಿಗೆ ಬದಲಿ ಭಾಗ ಹುಡುಕುವುದೂ ಸುಲಭವಲ್ಲ.

ನೀರು ಒಳಗೆ ಹೋದದ್ದು ಹೇಗೆ? ಕಿಟಕಿ ಗಾಜಿನ ರಬ್ಬರ್ ಬೀಡಿಂಗ್ ದಾಟಿ ಮಳೆನೀರು ಬಾಗಿಲಿನೊಳಗೆ ಇಳಿಯುವುದು ಸಹಜ. ಅದು ಹೊರಹೋಗಲೆಂದೇ ಬಾಗಿಲಿನ ತಳದಲ್ಲಿ, ಕೆಳಗಿನ ಪೆಟ್ಟಿಗೆಯಲ್ಲಿ ಸಣ್ಣ ತೂತುಗಳಿರುತ್ತವೆ. ನಮ್ಮ ಕಾರಿನಲ್ಲಿ ಅವನ್ನು ಅಡಿಯ ಕಪ್ಪು ಕೋಟಿಂಗ್ ಮುಚ್ಚಿತ್ತು. ತುಕ್ಕು ತಡೆಯಲು ಹಾಕಿದ ಲೇಪವೇ ನೀರನ್ನು ಕೂಡಿಹಾಕಿತ್ತು.

ಜೊತೆಗೆ ಉಪ್ಪು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಅಲ್ಲಿಯ ಗಾಳಿಯಲ್ಲಿ ಬರುವ ಉಪ್ಪಿನ ಕಣಗಳು ತಗಡಿನ ಸಂದಿಯಲ್ಲಿ ಕೂರುತ್ತವೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75 ದಾಟಿದರೆ ಅಡುಗೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ಮಕ್ಕಳೆಲ್ಲ ನೋಡಿದ್ದಾರೆ. ಹಾಗಾಗಿ ಮಳೆ ನಿಂತರೂ ಸಂದಿ ಒಣಗುವುದಿಲ್ಲ.

ಸೋಮವಾರ ಉಜ್ಜಿ ಹೊಳಪಿಸಿದ ಕಬ್ಬಿಣದ ತಗಡನ್ನು ತರಗತಿಗೆ ಒಯ್ದೆ. ಉಪ್ಪುನೀರಿಗೆ ಸ್ವಲ್ಪ ಪೊಟ್ಯಾಸಿಯಂ ಫೆರಿಸೈನೈಡ್, ಕೆಲವು ಹನಿ ಫಿನಾಲ್ಫ್‌ಥಲೀನ್ ಬೆರೆಸಿ ತಗಡಿನ ಮೇಲೆ ಒಂದು ದೊಡ್ಡ ಹನಿ ಇಟ್ಟೆ. ಮೊದಲು ಅಲ್ಲಲ್ಲಿ ಬಣ್ಣದ ಚುಕ್ಕೆಗಳು. ಆಮೇಲೆ ಹನಿಯ ನಡುವೆ ನೀಲಿ, ಅಂಚಿನಲ್ಲಿ ಗುಲಾಬಿ. ಇದು ಬ್ರಿಟಿಷ್ ವಿಜ್ಞಾನಿ ಯು.ಆರ್. ಇವಾನ್ಸ್ ಅವರ ಹೆಸರಿನಿಂದ ಪ್ರಸಿದ್ಧವಾದ ಪ್ರಯೋಗ. (ಫೆರಿಸೈನೈಡ್‌ಗೆ ಆಮ್ಲ ತಾಗಿಸಬಾರದು. ಶಿಕ್ಷಕರೇ ಮಾಡಿ ತೋರಿಸಬೇಕು.)

ಅಂಚಿಗೆ ಗಾಳಿಯ ಆಕ್ಸಿಜನ್ ಸಿಗುತ್ತದೆ. ಅಲ್ಲಿ ಹೈಡ್ರಾಕ್ಸೈಡ್ ಉಂಟಾಗಿ ಗುಲಾಬಿ ಬಣ್ಣ ಬರುತ್ತದೆ. ನಡುವೆ ಆಕ್ಸಿಜನ್ ಕಡಿಮೆ. ಅಲ್ಲಿಯ ಕಬ್ಬಿಣ ಎಲೆಕ್ಟ್ರಾನ್ ಕಳೆದುಕೊಂಡು ಅಯಾನಾಗಿ ಕರಗುವುದರಿಂದ ನೀಲಿ. ತುಕ್ಕು ಉಂಟಾಗಲು ಆಕ್ಸಿಜನ್ ಬೇಕು. ಆದರೆ ತಗಡು ಸವೆಯುವುದು ಆಕ್ಸಿಜನ್ ಕಡಿಮೆ ಇರುವ ಜಾಗದಲ್ಲಿ. ಎರಡು ತಗಡುಗಳ ನಡುವಿನ ಸಂದಿಯ ಆಳ, ಕೆಸರಿನ ಅಡಿ, ಪುಟ್ಟಿಯ ಹಿಂಬದಿ ಅಂಥ ಜಾಗಗಳೇ. ಹೊರಗಿನ ಬಣ್ಣ ಅಲ್ಲಿಗೆ ತಲುಪುವುದೇ ಇಲ್ಲ.

ತಡೆಯುವುದು ಹೇಗೆ ಎಂಬುದನ್ನು ಮಕ್ಕಳೊಂದಿಗೇ ಪಟ್ಟಿ ಮಾಡಿದೆ:

1. ಮಳೆಗಾಲದ ಮೊದಲೂ ನಡುವೆಯೂ ನೀರಿಳಿಯುವ ತೂತುಗಳನ್ನು ಹಿಡಿಕಡ್ಡಿಯಿಂದ ಬಿಡಿಸಬೇಕು.
2. ಕಡಲದಾರಿಯಲ್ಲಿ ಓಡಿದ ಮೇಲೆ ಮಡ್‌ಗಾರ್ಡಿನ ಒಳಬದಿಯನ್ನು ಸಿಹಿನೀರಿನಲ್ಲಿ ತೊಳೆಯಬೇಕು.
3. ನೆಲದ ಮ್ಯಾಟ್ ಎತ್ತಿ ಒಣಗಿಸಬೇಕು. ಒದ್ದೆ ಕಾರಿಗೆ ಟಾರ್ಪಾಲು ಬಿಗಿಯಬಾರದು. ಗಾಳಿಯಾಡುವ ಮಾಡಿನಡಿ ನಿಲ್ಲಿಸಬೇಕು.
4. ಒಳಭಾಗ ಪೂರ್ತಿ ಒಣಗಿದ ಮೇಲೆ ಉದ್ದ ನಳಿಕೆಯಿಂದ ತುಕ್ಕುನಿರೋಧಕ ಮೇಣ ಸಿಂಪಡಿಸಬೇಕು. ತೂತುಗಳು ಮುಚ್ಚಬಾರದು.
5. ಗುಳ್ಳೆ ಕಂಡರೆ ಪುಟ್ಟಿ ಮೆತ್ತದೆ, ತುಕ್ಕು ಹಿಡಿದ ತಗಡು ಕತ್ತರಿಸಿ ಹೊಸದನ್ನು ಬೆಸುಗೆ ಹಾಕಿಸಬೇಕು.

ಪಾಠದ ಕೊನೆಗೆ ಅದೇ ಹುಡುಗ ಎದ್ದು, “ಹಂಗಾರೆ ನೀರ್ ಒಳ್ಗ್ ಬಪ್ಪುದಲ್ಲ, ಹೊರ್ಗ್ ಹೋಪುಕೆ ದಾರಿ ಇಲ್ದೆ ಇಪ್ಪುದೇ ತೊಂದರೆ” ಎಂದ. ಶನಿವಾರ ನಾನು ಹಲಗೆಯ ಮೇಲೆ ಬರೆದ ವಾಕ್ಯಕ್ಕಿಂತ ಇದು ಸರಿಯಾಗಿತ್ತು. ಅದನ್ನೇ ಅವನ ಮಾತಿನಲ್ಲಿ ಹಲಗೆಯ ಮೇಲೆ ಬರೆದೆ. ಮುಂದಿನ ಪಾಠಯೋಜನೆಯಲ್ಲಿ ಮೂರು ಪ್ರನಾಳಗಳ ನಂತರ ಈ ಒಂದು ಹನಿಗೂ ಹತ್ತು ನಿಮಿಷ ಇಟ್ಟಿದ್ದೇನೆ.

ಮಾವನ ಕಾರು ಬೆಸುಗೆ ಮುಗಿಸಿ ಬೈಂದೂರಿಗೆ ಮರಳಿದೆ. ತೂತು ಬಿಡಿಸಲು ಒಂದು ಹಿಡಿಕಡ್ಡಿ ಈಗ ಡಿಕ್ಕಿಯಲ್ಲೇ ಇರುತ್ತದೆ.