ಬಹುಮತ ಎಣಿಸುವ ಜಾಗ

1989ರ ಏಪ್ರಿಲ್ ಮೂರನೇ ವಾರ. ಜನತಾದಳದ ಶಾಸಕ ಕೆ.ಆರ್. ಮೊಳಕೇರಿ ಬೆಂಗಳೂರಿನ ರಾಜಭವನಕ್ಕೆ ಒಂದು ಕಟ್ಟು ಕಾಗದ ಹಿಡಿದು ಹೋದರು. ಅದರಲ್ಲಿದ್ದದ್ದು 19 ಶಾಸಕರ ಸಹಿಯಿದ್ದ ಪತ್ರಗಳು. ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ತಮ್ಮ ಬೆಂಬಲವಿಲ್ಲ ಎಂಬುದು ಅವುಗಳ ಸಾರ. ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಶಾಸಕಾಂಗ ಕಾರ್ಯದರ್ಶಿಯನ್ನು ಕರೆಸಿ ಸಹಿಗಳನ್ನು ತಾಳೆ ನೋಡಿಸಿದರು. ಮುಖ್ಯಮಂತ್ರಿಯನ್ನು ಮಾತ್ರ ಕೇಳಲಿಲ್ಲ. ಸರ್ಕಾರ ಬಹುಮತ ಕಳೆದುಕೊಂಡಿದೆ ಎಂಬ ವರದಿ 19ರಂದು ದೆಹಲಿಗೆ ಹೋಯಿತು.

ಮರುದಿನವೇ ಲೆಕ್ಕ ತಪ್ಪಿತು. ಸಹಿ ಹಾಕಿದವರಲ್ಲಿ ಏಳು ಮಂದಿ, ತಪ್ಪು ಹೇಳಿ ನಮ್ಮಿಂದ ಸಹಿ ಪಡೆದರು, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಬೊಮ್ಮಾಯಿ ತಮ್ಮ ಕಾನೂನು ಸಚಿವರೊಂದಿಗೆ ರಾಜಭವನಕ್ಕೆ ಹೋಗಿ, ಸದನ ಕರೆಯುತ್ತೇವೆ, ಬೇಕಿದ್ದರೆ ಅಧಿವೇಶನವನ್ನು ಇನ್ನೂ ಮುಂಚೆಯೇ ಸೇರಿಸಿ ಬಹುಮತ ತೋರಿಸುತ್ತೇವೆ ಎಂದರು. ರಾಜ್ಯಪಾಲರು ಒಪ್ಪಲಿಲ್ಲ. ಏಳು ಮಂದಿಯ ಮೇಲೆ ಒತ್ತಡ ಹಾಕಲಾಗಿದೆ, ಕುದುರೆ ವ್ಯಾಪಾರ ನಡೆದಿದೆ ಎಂದು ಎರಡನೇ ವರದಿ ಕಳಿಸಿದರು. ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಯಾಯಿತು. ರಾಜಭವನದಿಂದ ವಿಧಾನಸೌಧ ಕೂಗಳತೆಯ ದೂರ. ಶಾಸಕರನ್ನು ಅಲ್ಲಿ ಕೂರಿಸಿ ಎಣಿಸಿದ್ದರೆ ಸಂಶಯವೇ ಉಳಿಯುತ್ತಿರಲಿಲ್ಲ.

ಕೇಂದ್ರಕ್ಕೆ ಈ ಅಧಿಕಾರ ಸಿಗುವುದು ಸಂವಿಧಾನದ 356ನೇ ವಿಧಿಯಿಂದ. ರಾಜ್ಯದಲ್ಲಿ ಸಂವಿಧಾನಬದ್ಧವಾಗಿ ಆಡಳಿತ ನಡೆಸಲು ಸಾಧ್ಯವೇ ಇಲ್ಲ ಎಂದಾದಾಗ ರಾಷ್ಟ್ರಪತಿ ಆಳ್ವಿಕೆ ಹೇರಬಹುದು. ಇದು ಬಳಕೆಯೇ ಆಗದೆ ಪುಸ್ತಕದಲ್ಲೇ ಉಳಿಯಲಿ ಎಂಬ ಆಶಯವನ್ನು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ವ್ಯಕ್ತಪಡಿಸಿದ್ದರು. ಹಾಗಾಗಲಿಲ್ಲ. 1951ರಲ್ಲಿ ಪಂಜಾಬಿನಿಂದ ಶುರುವಾಗಿ, 1959ರಲ್ಲಿ ಕೇರಳದ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರವನ್ನು ಕೆಡವಿತು. 1977ರಲ್ಲಿ ಅಧಿಕಾರಕ್ಕೆ ಬಂದ ಜನತಾ ಸರ್ಕಾರ ಒಂಬತ್ತು ಕಾಂಗ್ರೆಸ್ ರಾಜ್ಯ ಸರ್ಕಾರಗಳನ್ನು ಮನೆಗೆ ಕಳಿಸಿತು. 1980ರಲ್ಲಿ ಮರಳಿ ಬಂದ ಇಂದಿರಾ ಗಾಂಧಿ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿದರು. ಪಕ್ಷ ಬದಲಾದರೂ ಚಾಳಿ ಬದಲಾಗಲಿಲ್ಲ.

ಬೊಮ್ಮಾಯಿ ಸುಮ್ಮನೆ ಕೂರಲಿಲ್ಲ. ಕರ್ನಾಟಕ ಹೈಕೋರ್ಟಿನಲ್ಲಿ ಅರ್ಜಿ ಬಿದ್ದುಹೋದಾಗ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ನಾಗಾಲ್ಯಾಂಡ್, ಮೇಘಾಲಯ, ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಪ್ರಕರಣಗಳೂ ಜೊತೆಗೂಡಿದವು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು.

ಆ ತೀರ್ಪಿನ ತಿರುಳನ್ನು ಪ್ರತಿಯೊಬ್ಬ ಮತದಾರನೂ ತಿಳಿದಿರಬೇಕು. ಸರ್ಕಾರಕ್ಕೆ ಬಹುಮತವಿದೆಯೇ ಎಂಬುದು ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜ್ಯಪಾಲರ ಖಾಸಗಿ ಅಭಿಪ್ರಾಯದಲ್ಲಲ್ಲ. ರಾಷ್ಟ್ರಪತಿಗೆ ಮಂತ್ರಿಮಂಡಲ ಏನು ಸಲಹೆ ಕೊಟ್ಟಿತೆಂದು ನ್ಯಾಯಾಲಯ ಕೆದಕುವಂತಿಲ್ಲ, ನಿಜ. ಆದರೆ ಆ ಸಲಹೆಗೆ ಆಧಾರವಾದ ದಾಖಲೆ ಏನಿತ್ತು, ಅದಕ್ಕೂ ವಜಾಕ್ಕೂ ಸಂಬಂಧವಿತ್ತೇ, ದುರುದ್ದೇಶವಿತ್ತೇ ಎಂದು ನೋಡಬಹುದು. ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿಡಬಹುದೇ ಹೊರತು ವಿಸರ್ಜಿಸುವಂತಿಲ್ಲ. ಘೋಷಣೆ ಅಕ್ರಮವೆಂದು ಕಂಡರೆ ವಜಾಗೊಂಡ ಸರ್ಕಾರವನ್ನು ನ್ಯಾಯಾಲಯ ಮತ್ತೆ ಕೂರಿಸಬಹುದು. ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯಗಳ ಘೋಷಣೆಗಳು ಅಸಾಂವಿಧಾನಿಕ ಎಂದು ಪೀಠ ಹೇಳಿತು. ಬಾಬರಿ ಮಸೀದಿ ಧ್ವಂಸದ ನಂತರ ಉಳಿದ ಮೂರು ರಾಜ್ಯಗಳಲ್ಲಿ ನಡೆದ ವಜಾವನ್ನು, ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ ಎಂಬ ನೆಲೆಯಲ್ಲಿ ಎತ್ತಿಹಿಡಿಯಿತು.

ಇದರ ಬಲ ಕಾಣಲು ಹೆಚ್ಚು ದಿನ ಬೇಕಾಗಲಿಲ್ಲ. 1999ರಲ್ಲಿ ಬಿಹಾರದ ರಾಬ್ಡಿ ದೇವಿ ಸರ್ಕಾರವನ್ನು ವಜಾ ಮಾಡಿದ ಕೇಂದ್ರ, ರಾಜ್ಯಸಭೆಯಲ್ಲಿ ಒಪ್ಪಿಗೆ ಸಿಗದೆಂದು ಅರಿತು ಕೆಲವೇ ವಾರಗಳಲ್ಲಿ ಅದನ್ನು ಮತ್ತೆ ಕೂರಿಸಬೇಕಾಯಿತು. 2016ರಲ್ಲಿ ಅರುಣಾಚಲ ಪ್ರದೇಶದಲ್ಲಿ ಸುಪ್ರೀಂ ಕೋರ್ಟ್ ತಾನೇ ಹಳೆಯ ಸರ್ಕಾರವನ್ನು ಮರಳಿ ತಂದಿತು.

2018ರ ಮೇ ತಿಂಗಳು ಕನ್ನಡಿಗರಿಗೆ ನೆನಪಿದ್ದೇ ಇದೆ. ಯಾವ ಪಕ್ಷಕ್ಕೂ ಬಹುಮತ ಬಂದಿರಲಿಲ್ಲ. ಬಿ.ಎಸ್. ಯಡಿಯೂರಪ್ಪ ಅವರನ್ನು ಸರ್ಕಾರ ರಚಿಸಲು ಕರೆದ ರಾಜ್ಯಪಾಲ ವಜುಭಾಯಿ ವಾಲಾ, ಬಹುಮತ ಸಾಬೀತಿಗೆ 15 ದಿನ ಕೊಟ್ಟರು. ಅಷ್ಟು ದಿನದಲ್ಲಿ ಎಷ್ಟು ರೆಸಾರ್ಟುಗಳು ತುಂಬುತ್ತವೆ ಎಂಬುದನ್ನು ರಾಜ್ಯ ಚೆನ್ನಾಗಿ ಬಲ್ಲದು. ಸುಪ್ರೀಂ ಕೋರ್ಟ್ ನಡುರಾತ್ರಿ ಬಾಗಿಲು ತೆರೆದು ಬೆಳಗಿನ ಜಾವದವರೆಗೆ ವಾದ ಕೇಳಿತು. ಪ್ರಮಾಣವಚನಕ್ಕೆ ತಡೆ ಕೊಡಲಿಲ್ಲ. ಆದರೆ 18ರಂದು, ನಾಳೆ ಸಂಜೆ ನಾಲ್ಕಕ್ಕೇ ವಿಶ್ವಾಸಮತ ನಡೆಯಲಿ ಎಂದು ಆದೇಶಿಸಿತು. 19ರಂದು ಯಡಿಯೂರಪ್ಪ ಸದನದಲ್ಲಿ ಮಾತಾಡಿ, ಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಘೋಷಿಸಿದರು. ಮರುವರ್ಷ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರದ ಸರದಿ. ಶಾಸಕರು ಸಾಲುಸಾಲಾಗಿ ಎದ್ದು ನಿಂತರು, ಅಧಿಕಾರಿಗಳು ತಲೆ ಎಣಿಸಿದರು. ಪರವಾಗಿ 99, ವಿರುದ್ಧವಾಗಿ 105. ಟಿವಿಯ ಮುಂದೆ ಕೂತಿದ್ದ ಇಡೀ ರಾಜ್ಯ ಆ ಎಣಿಕೆಯನ್ನು ಕಣ್ಣಾರೆ ಕಂಡಿತು.

ಶಾಸಕರ ಖರೀದಿಯನ್ನು ಈ ತೀರ್ಪು ತಡೆಯಲಾರದು. ಅದರ ಇನ್ನೊಂದು ಕೊರತೆ ಬೊಮ್ಮಾಯಿಯವರ ಪಾಲಿಗೇ ಬಂತು. ತೀರ್ಪು ಹೊರಬೀಳಲು ಐದು ವರ್ಷ ಹಿಡಿಯಿತು. ಅಷ್ಟರಲ್ಲಿ 1989ರ ನವೆಂಬರ್ ಚುನಾವಣೆ ಮುಗಿದು, 178 ಸ್ಥಾನ ಗೆದ್ದ ಕಾಂಗ್ರೆಸ್ ಅಧಿಕಾರದಲ್ಲಿತ್ತು. ವಜಾ ತಪ್ಪೆಂದು ಸಾಬೀತಾದರೂ ಮರಳಿ ಕೊಡಲು ನ್ಯಾಯಾಲಯದ ಬಳಿ ಏನೂ ಉಳಿದಿರಲಿಲ್ಲ. 2018ರಲ್ಲಿ ಎರಡು ದಿನದಲ್ಲಿ ಆದದ್ದು ಪ್ರತಿ ಸಲವೂ ಆಗಬೇಕು. ಇಂಥ ಅರ್ಜಿಗಳ ತೀರ್ಮಾನಕ್ಕೆ ಕಾನೂನಿನಲ್ಲೇ ಗಡುವು ಬೇಕು. ಬೊಮ್ಮಾಯಿ ಮುಂದೆ ಕೇಂದ್ರ ಸಚಿವರಾದರು. 2007ರಲ್ಲಿ ತೀರಿಕೊಳ್ಳುವವರೆಗೂ ಮತ್ತೆ ಮುಖ್ಯಮಂತ್ರಿಯಾಗಲಿಲ್ಲ.